ಹೊರೆ ಉಪವಾಸದ ಏಳನೆಯ ದಿನ

ನನ್ನ ಸೊಸೆ ತೀರಿಕೊಂಡ ಸುದ್ದಿ ಮುಟ್ಟಿದಾಗ ನಾನು ಪ್ರಾರ್ಥನಾ ಮಂದಿರದಲ್ಲಿ ಎದ್ದು ನಿಂತು ಅವಳನ್ನೇ ಹೊಗಳುತ್ತಿದ್ದೆ.

ಬೆಳಗಿನ ಪ್ರಾರ್ಥನೆ ಮುಗಿದಿತ್ತು. ಹಿರಿಯನೆಂದು ಗುರುಗಳು ನನಗೆ ಎರಡು ಮಾತಾಡಲು ಹೇಳಿದ್ದರು. "ಇವತ್ತಿಗೆ ಏಳು ದಿನ," ಎಂದೆ. "ನಮ್ಮ ಮನೆ ಹುಡುಗಿ ಬರೀ ನೀರಿನ ಮೇಲಿದ್ದಾಳೆ. ಅವಳು ಉಸಿರು ಬಿಟ್ಟರೆ ಮಾಗಿದ ಹಣ್ಣಿನ ಪರಿಮಳ ಬರುತ್ತೆ. ನೀವೇ ಬಂದು ನೋಡಿದ್ದೀರಿ. ದೇವರು ಒಪ್ಪಿಕೊಂಡ ಅನ್ನೋದಕ್ಕೆ ಇನ್ನೇನು ಗುರುತು ಬೇಕು?" ಹೆಂಗಸರ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ಆಗ ಎದುರುಮನೆಯಾಕೆ ಬಾಗಿಲಲ್ಲಿ ಕಾಣಿಸಿಕೊಂಡಳು. ಚಪ್ಪಲಿ ಬಿಡದೆ, ಹಾಸಿದ ಚಾಪೆಗಳನ್ನು ತುಳಿದುಕೊಂಡೇ ನನ್ನ ಹತ್ತಿರ ಬಂದಳು. ಮಂದಿರದೊಳಗೆ ಆಕೆ ಹಾಗೆ ನಡೆದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಮನೆಗೆ ಬನ್ನಿ," ಎಂದಳು. "ಮಾತು ಸಾಕು."

ಒಳಕೋಣೆಯಲ್ಲಿ ನನ್ನ ಹೆಂಡತಿ ಗೋಡೆಗೊರಗಿ ಕುಳಿತಿದ್ದಳು. ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು. ಚಾಪೆಯ ಮೇಲೆ ಸೊಸೆ ಮಲಗಿದ್ದಳು. ತುಟಿಗಳು ಒಣಗಿ ಬಿರಿದಿದ್ದವು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಇಪ್ಪತ್ತಾರು ವರ್ಷ ಅವಳಿಗೆ.

"ಮಗ ಎಲ್ಲಿ?" ಎಂದೆ.

"ದರ್ಜಿ ಹತ್ರ ಹೋಗಿದ್ದಾನೆ," ಎಂದಳು ಹೆಂಡತಿ. "ಹೊಸ ಅಂಗಿ ಹಾಕಿ ನೋಡೋಕೆ."

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನನಗೆ ಅಲಂಕಾರದ ಭಾಷೆ ಬಾರದು. ಹಿಂದಿನ ಕಾಲದ ಮೇಷ್ಟ್ರು ಕಲಿಸಿದ ನೇರ ಬರವಣಿಗೆ ಅಷ್ಟೇ ಗೊತ್ತು. ಓದುವವರಲ್ಲಿ ಯಾರ ಮನೆಯಲ್ಲಾದರೂ ಈ ಪದ್ಧತಿ ಇನ್ನೂ ಉಳಿದಿದ್ದರೆ, ಅವರ ಸೊಸೆಯೋ ಮಗಳೋ ಇನ್ನೂ ಬದುಕಿದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪಂಗಡದಲ್ಲಿ ಇದಕ್ಕೆ ಹೊರೆ ಉಪವಾಸ ಎನ್ನುತ್ತಾರೆ. ಮನೆಯ ಗಂಡಸು ದೊಡ್ಡ ತಪ್ಪು ಮಾಡಿದರೆ ಅವನ ಪರವಾಗಿ ಮನೆಯ ಹೆಂಗಸು, ಹೆಂಡತಿಯೋ ತಾಯಿಯೋ, ಒಂಬತ್ತು ದಿನ ನೀರಿನ ಮೇಲೆ ಇರುತ್ತಾಳೆ. ಹತ್ತನೆಯ ದಿನ ಗಂಡಸು ಹೊಸ ಬಟ್ಟೆ ಉಟ್ಟು ಮಂದಿರಕ್ಕೆ ಬರುತ್ತಾನೆ. ಮನೆಯ ಹಿರಿಯ ಅವನ ಹೆಗಲಿಗೆ ಬಿಳಿ ಶಾಲು ಹೊದಿಸಿ, "ನಿನ್ನ ಹೊರೆ ಇಳಿಯಿತು" ಎನ್ನುತ್ತಾನೆ. ಅಲ್ಲಿಗೆ ಅವನಿಗೆ ಬಿಡುಗಡೆ. ಇಳಿದ ಹೊರೆಯನ್ನು ಮತ್ತೆ ಎತ್ತಬಾರದೆಂದು ನಿಯಮ. ಆ ತಪ್ಪಿನ ಮಾತನ್ನು ಆಮೇಲೆ ಯಾರು ಎತ್ತಿದರೂ ಪಾಪ ಅವರಿಗೆ. ನನ್ನ ತಾಯಿ ನನ್ನ ತಂದೆಗಾಗಿ ಎರಡು ಸಲ ಕುಳಿತಿದ್ದಳು. ನನ್ನ ಹೆಂಡತಿ ನನಗಾಗಿ ಒಮ್ಮೆ ಕುಳಿತಿದ್ದಳು. ಅದರ ವಿಷಯ ಮುಂದೆ ಹೇಳುತ್ತೇನೆ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಒಂದು ಕಬ್ಬಿಣದ ಒತ್ತುಯಂತ್ರ, ಅಂಟಿನ ಮಡಕೆ, ದಬ್ಬಳ, ಮೇಣ ಹಚ್ಚಿದ ದಾರದ ಉಂಡೆ, ಇಷ್ಟೇ ಅಲ್ಲಿರುವುದು. ಮಗ ಒಂದು ಗೋದಾಮಿನ ಸರಕಿನ ವ್ಯಾನು ಓಡಿಸುತ್ತಿದ್ದ. ಸೊಸೆ ಒಂದು ಗಿರವಿ ಅಂಗಡಿಯಲ್ಲಿ ಕಿಟಕಿಯ ಹಿಂದೆ ಕುಳಿತು ಚಿನ್ನ ತೂಗುವ ಕೆಲಸ ಮಾಡುತ್ತಿದ್ದಳು. ಮನೆಗೆ ಬಂದ ಮೇಲೂ ಅವಳು ಎಲ್ಲವನ್ನೂ ತೂಗಿಯೇ ನೋಡುವವಳು. ಹಾಗಾಗಿ ನಾನು ಅವಳನ್ನು "ತಕ್ಕಡಿ" ಎಂದು ಕರೆಯುತ್ತಿದ್ದೆ. ಕೋಪ ಮಾಡಿಕೊಳ್ಳುತ್ತಿರಲಿಲ್ಲ. "ತಕ್ಕಡಿ ಬಂದಿದೆ, ಸುಳ್ಳು ಹೇಳೋರೆಲ್ಲ ಎದ್ದು ಹೋಗಿ" ಎನ್ನುತ್ತಲೇ ಒಳಗೆ ಬರುತ್ತಿದ್ದಳು.

ಹದಿನಾಲ್ಕನೆಯ ವಯಸ್ಸಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಸೂಜಿ ಚುಚ್ಚಿಕೊಳ್ಳಬೇಕು. ಮದುವೆಗೆ ಮೊದಲೇ ಅದನ್ನು ಬಚ್ಚಿಡದೆ ಹೇಳಿದ್ದಳು. "ನಾನು ಸಿಹಿ ಜಾಸ್ತಿ, ನಿಮ್ಮ ಮಗ ಖಾರ ಜಾಸ್ತಿ. ಸಮ ಆಗುತ್ತೆ ಬಿಡಿ ಮಾವ" ಎಂದು ನಗಿಸಿದ್ದಳು.

ಸಂಜೆ ಹೊತ್ತು ನಾನು ಹಳೆಯ ಪುಸ್ತಕದ ಹೊಲಿಗೆ ಬಿಡಿಸುತ್ತಿದ್ದರೆ ಎದುರಿಗೆ ಕುಳಿತು ಅಂಗಡಿಯ ಕಥೆ ಹೇಳುವಳು. ಯಾರು ಓಲೆ ಇಟ್ಟರು, ಯಾರು ಬಿಡಿಸಿಕೊಂಡರು, ಬಿಡಿಸಿಕೊಂಡ ಉಂಗುರವನ್ನು ಒಬ್ಬ ಮುದುಕ ಅಲ್ಲೇ ಬೆರಳಿಗೆ ಹಾಕಿಕೊಂಡು ಕಿಟಕಿಯ ಗಾಜಿನಲ್ಲಿ ಹೇಗೆ ನೋಡಿಕೊಂಡ, ಇಂಥವು. ಒಂದು ದಿನ ನಾನು ಹೇಳಿದೆ, "ನೋಡಮ್ಮ, ನೀನು ಓಲೆ ಬಿಡಿಸಿ ಕೊಡ್ತೀಯ, ನಾನು ಹೊಲಿಗೆ ಬಿಡಿಸ್ತೀನಿ, ದೇವರು ಪಾಪ ಬಿಡಿಸ್ತಾನೆ. ಎಲ್ಲ ಒಂದೇ ಕೆಲಸ."

ಅವಳು ತಲೆ ಅಲ್ಲಾಡಿಸಿದಳು. "ಒಂದೇ ಅಲ್ಲ ಮಾವ. ನಮ್ಮ ಅಂಗಡೀಲಿ ಯಾರು ಇಟ್ಟಿದ್ರೋ ಅವರೇ ಬಂದು ರುಜು ಹಾಕ್ಬೇಕು. ನಿಮ್ಮ ಮಂದಿರದಲ್ಲಿ ಇಡೋರು ಗಂಡಸರು, ಬಿಡಿಸೋಕೆ ಬರೋರು ಹೆಂಗಸರು. ನಮ್ಮ ಸಾಹುಕಾರ್ರು ಇದನ್ನ ಕೇಳಿದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಹೋಗ್ತಾರೆ."

ನಾನು ನಕ್ಕೆ. ನನ್ನ ಹೆಂಡತಿ ನಗಲಿಲ್ಲ. "ದೇವರನ್ನ ಸಾಹುಕಾರನಿಗೆ ಹೋಲಿಸ್ಬೇಡ" ಎಂದಳು.

ಇದಾಗಿ ಕೆಲವು ತಿಂಗಳಿಗೆ ನನ್ನ ಮಗ ಆ ತಪ್ಪು ಮಾಡಿದ. ರಾತ್ರಿಯೆಲ್ಲ ಗೆಳೆಯರ ಜೊತೆ ಕುಡಿದಿದ್ದವನು ಮುಂಜಾನೆ ವ್ಯಾನು ತೆಗೆದುಕೊಂಡು ಹೊರಟ. ಮನೆಮನೆಗೆ ಪೇಪರು ಹಾಕುವ ಮುದುಕನ ಸೈಕಲ್ಲಿಗೆ ತಿರುವಿನಲ್ಲಿ ಗುದ್ದಿದ. ನಿಲ್ಲಿಸಲಿಲ್ಲ. ಮುದುಕನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಮಗ ಮನೆಗೆ ಬಂದು ಸ್ನಾನ ಮಾಡಿ ಮಲಗಿದ. ಎದ್ದ ಮೇಲೆ ತಾಯಿಯ ಮಡಿಲಲ್ಲಿ ಮುಖ ಇಟ್ಟು ಅತ್ತ. ತಾಯಿ ಗುರುಗಳಿಗೆ ಹೇಳಿದಳು. ಗುರುಗಳು, "ಹೊರೆ ದೊಡ್ಡದು. ಹೆಂಡತಿ ಕೂತರೆ ಇಳಿಯುತ್ತೆ" ಎಂದರು. ಪೊಲೀಸರಿಗೆ ಹೇಳುವ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸೊಸೆ ಒಬ್ಬಳೇ ಆಸ್ಪತ್ರೆಗೆ ಹೋಗಿ ಆ ಮುದುಕನನ್ನು ನೋಡಿ ಬಂದಿದ್ದಳು. ತಾನು ಯಾರೆಂದು ಹೇಳುವ ಧೈರ್ಯ ಅವಳಿಗಾಗಿರಲಿಲ್ಲ. ಅದೇ ಬೀದಿಯವಳು ಎಂದಷ್ಟೇ ಹೇಳಿದ್ದಳಂತೆ. ಬಂದವಳು ಕೈಚೀಲವನ್ನೂ ಇಳಿಸದೆ ನಿಂತಳು.

"ಅವರು ಏನೂ ಕೇಳಲಿಲ್ಲ ಅತ್ತೆ. ಯಾರು ಅಂತ ಗೊತ್ತಾದ್ರೆ ಸಾಕಿತ್ತು, ಒಂದು ಸಲ ಬಂದು ಮುಖ ತೋರಿಸಿದ್ರೆ ಸಾಕಿತ್ತು ಅಂದ್ರು. ಇವರು ಹೋಗಲಿ. ಹೋಗಿ, ನಾನೇ ಕಣಪ್ಪಾ ಅನ್ನಲಿ. ಅದಕ್ಕಿಂತ ದೊಡ್ಡ ಉಪವಾಸ ಯಾವುದಿದೆ?"

"ಹೋಗಿ ಜೈಲಿಗೆ ಬೀಳಲಿ ಅಂತೀಯಾ?" ಹೆಂಡತಿ ಕೇಳಿದಳು. "ಕಟ್ಕೊಂಡ ಗಂಡ ಅವನು."

"ಅದಕ್ಕೇ ಹೇಳ್ತಿದ್ದೀನಿ ಅತ್ತೆ. ಹಸಿವು ನನ್ನದು, ತಪ್ಪು ಅವರದು. ನಾನು ಊಟ ಬಿಟ್ರೆ ಆ ಮುದುಕನ ಕಾಲು ಕೂಡುತ್ತಾ?"

"ನಾನು ಕೂತಾಗ ನಾನು ಹೀಗೆಲ್ಲ ಲೆಕ್ಕ ಕೇಳಿರಲಿಲ್ಲ. ನಿನ್ನ ಅಂಗಡಿ ಬುದ್ಧಿ ಮನೇಲಿ ಬೇಡ ಕಣೇ. ನಮ್ಮ ಮನೆತನದಲ್ಲಿ ಇವತ್ತಿನವರೆಗೆ ಒಬ್ಬಳೂ ಒಲ್ಲೆ ಅಂದಿಲ್ಲ."

ಅವಳು ನನ್ನ ಕಡೆ ತಿರುಗಿದಳು. ನಾನು ಒಂದು ಪ್ರಾರ್ಥನಾ ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದೆ.

"ಮಾವ, ನನಗೆ ಸಕ್ಕರೆ ಕಾಯಿಲೆ ಇದೆ. ಊಟ ಬಿಟ್ಟು ಇರೋಕಾಗಲ್ಲ. ನೀವು ಬೇಡ ಅನ್ನಿ. ನೀವು ಬೇಡ ಅಂದ್ರೆ ಗುರುಗಳೂ ಸುಮ್ಮನಾಗ್ತಾರೆ."

ಅದು ನಿಜ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಂದಿರದಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಇತ್ತು. ಆದರೆ ಬೇಡ ಎಂದರೆ, ನನ್ನ ಹೆಂಡತಿ ನನಗಾಗಿ ಕುಳಿತದ್ದೂ ಬೇಡವಾಗಿತ್ತು ಎಂದ ಹಾಗಾಗುತ್ತದೆ. ನನ್ನ ಬಿಡುಗಡೆಯೂ ಸುಳ್ಳಾಗುತ್ತದೆ. ಅಂಟು ಒಣಗುತ್ತದೆಂಬ ನೆಪದಲ್ಲಿ ತಲೆ ಎತ್ತದೆ, "ದೇವರು ನಡೆಸಿದ ಹಾಗಾಗಲಿ" ಎಂದೆ.

ಅವಳು ಗಂಡನ ಹತ್ತಿರ ಹೋದಳು. ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು.

"ನಾನು ಕೂತರೆ ನೀವು ಹೋಗ್ತೀರಾ?"

"ಹೋಗ್ತೀನಿ. ಹತ್ತನೇ ದಿನ ಮಂದಿರದಿಂದ ನೆಟ್ಟಗೆ ಆಸ್ಪತ್ರೆಗೆ. ಅವನ ಕೈ ಹಿಡ್ಕೊಂಡು ಎಲ್ಲ ಹೇಳ್ತೀನಿ. ನೀನು ಕೂತರೆ ನನಗೆ ಧೈರ್ಯ ಬರುತ್ತೆ."

"ಆಣೆ?"

"ನಿನ್ನಾಣೆ."

ಅವಳು ಉಪವಾಸಕ್ಕೆ ಕುಳಿತದ್ದು ನಮ್ಮ ಪದ್ಧತಿಯನ್ನು ನಂಬಿ ಅಲ್ಲ. ಗಂಡನ ಮಾತನ್ನು ನಂಬಿ.

ಮೊದಲ ದಿನ ಸೂಜಿಯನ್ನು ಸ್ವಲ್ಪವೇ ಚುಚ್ಚಿಕೊಂಡಳು. ಎರಡನೆಯ ದಿನ ಮಧ್ಯಾಹ್ನ ಮೈಯೆಲ್ಲ ಬೆವತು ನಡುಗತೊಡಗಿದಳು. ಮಾತು ತೊದಲಿತು. ಹೆಂಡತಿ ಗಾಬರಿಯಾಗಿ ನಾಲಿಗೆಗೆ ಸಕ್ಕರೆ ತೀಡಿದಳು. ಸ್ವಲ್ಪ ಹೊತ್ತಿಗೆ ಎದ್ದು ಕುಳಿತಳು. ಅದು ವ್ರತಭಂಗವಲ್ಲ, ಔಷಧ ಎಂದು ಗುರುಗಳು ಮನ್ನಿಸಿದರು. ಆದರೆ ನನ್ನ ಹೆಂಡತಿ ಒಂದು ತೀರ್ಮಾನಕ್ಕೆ ಬಂದಿದ್ದಳು.

"ಆ ಸೂಜಿಯಿಂದಲೇ ಇದೆಲ್ಲ ಆಗ್ತಿರೋದು. ಊಟವೇ ಇಲ್ಲದ ಮೇಲೆ ಸಕ್ಕರೆ ಎಲ್ಲಿಂದ ಬರ್ಬೇಕು? ಸಕ್ಕರೆ ಇಲ್ಲದವಳಿಗೆ ಸೂಜಿ ಯಾಕೆ?"

"ಊಟ ಬಿಟ್ರೂ ಸೂಜಿ ಪೂರ್ತಿ ಬಿಡಬಾರ್ದು ಅಂತ ಡಾಕ್ಟರು ಹೇಳಿದಾರೆ ಅತ್ತೆ," ಎಂದಳು ಸೊಸೆ. ದನಿ ಕ್ಷೀಣವಾಗಿತ್ತು.

"ಡಾಕ್ಟರು ಎಂದಾದ್ರೂ ಉಪವಾಸ ಕೂತಿದ್ರಾ?"

ನನಗೂ ಹೆಂಡತಿಯ ಮಾತು ಸರಿ ಎನಿಸಿತು. ಒಲೆಗೆ ಸೌದೆ ಇಡದಿದ್ದರೆ ಬೆಂಕಿ ಆರಿಸುವ ನೀರು ಏಕೆ ಬೇಕು ಎಂಬಂಥ ಲೆಕ್ಕ. ಔಷಧದ ಪೆಟ್ಟಿಗೆಯನ್ನು ನನ್ನ ಕೈಯಾರೆ ತೆಗೆದುಕೊಂಡು ಹೋಗಿ ನನ್ನ ಹತ್ಯಾರಗಳ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮೂರನೆಯ ದಿನ ಅವಳಿಗೆ ನಡುಕ ಬರಲಿಲ್ಲ. ನೋಡಿದೆಯಾ, ಎಂದುಕೊಂಡೆವು ನಾವು.

ನಾಲ್ಕನೆಯ ದಿನ ಬಾಯಾರಿಕೆ ಶುರುವಾಯಿತು. ಕೊಡದ ನೀರೆಲ್ಲ ಕುಡಿದರೂ ನಾಲಿಗೆ ಒಣಗುತ್ತಿತ್ತು. ಐದನೆಯ ದಿನ ವಾಂತಿ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ವಾಂತಿ. "ಅವನ ಪಾಪ ಹೊರಗೆ ಬರ್ತಿದೆ, ಬರಲಿ" ಎಂದು ಹೆಂಡತಿ ಅವಳ ಬೆನ್ನು ಸವರಿದಳು. ಪ್ರೀತಿಯಿಂದಲೇ ಸವರಿದಳು. ನನ್ನ ಹೆಂಡತಿ ಕ್ರೂರಿಯಲ್ಲ. ಆ ಐದು ದಿನವೂ ಸೊಸೆಯ ಪಕ್ಕದಲ್ಲೇ ನೆಲದ ಮೇಲೆ ಮಲಗಿದ್ದಳು. ನೀವು ನಿಮ್ಮ ಮನೆಯಲ್ಲಿ ಕ್ರೂರಿಗಳನ್ನು ಹುಡುಕಿ, ಯಾರೂ ಸಿಗಲಿಲ್ಲವೆಂದು ನಿಶ್ಚಿಂತರಾಗಬಾರದು ಎಂದು ಇದನ್ನು ಹೇಳುತ್ತಿದ್ದೇನೆ.

ಐದನೆಯ ದಿನ ಸಂಜೆಯೇ ಆ ವಾಸನೆ ಬಂದದ್ದು. ಮಾಗಿ ಮೆತ್ತಗಾದ ಹಣ್ಣಿನ ಬುಟ್ಟಿಯನ್ನು ಕೋಣೆಯಲ್ಲಿ ಇಟ್ಟ ಹಾಗೆ. ಹುಡುಕಿದರೆ ಅದು ಅವಳ ಉಸಿರಿನಿಂದಲೇ ಬರುತ್ತಿತ್ತು. ನನ್ನ ಹೆಂಡತಿ ಮಂಡಿಯೂರಿ ಅತ್ತಳು. ಸುದ್ದಿ ಹಬ್ಬಿತು. ಮರುದಿನ ಬೆಳಗಾಗುವಷ್ಟರಲ್ಲಿ ಮಂದಿರದ ಹೆಂಗಸರು ಬಾಗಿಲಲ್ಲಿ ಸಾಲು ನಿಂತಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ ಅವಳ ಮುಖದ ಹತ್ತಿರ ಬಾಗಿ ಉಸಿರು ಎಳೆದುಕೊಂಡು ಬಂದರು. ಒಬ್ಬಾಕೆ ತನ್ನ ಕೆಮ್ಮುವ ಮಗುವನ್ನು ತಂದು ಅವಳ ಉಸಿರಿಗೆ ಹಿಡಿದಳು. ಸೊಸೆ ಆಗ ಓಡಿ ಬಂದವಳಂತೆ ದೊಡ್ಡ ದೊಡ್ಡ ಉಸಿರು ಬಿಡುತ್ತಿದ್ದಳು. ಮಗುವನ್ನು ಕಂಡು ತಲೆ ನೇವರಿಸಲು ಕೈ ಎತ್ತಲು ನೋಡಿದಳು. ಆಗಲಿಲ್ಲ.

ಅಂದೇ ಮಧ್ಯಾಹ್ನ ಆಸ್ಪತ್ರೆಯ ನರ್ಸ್ ಒಬ್ಬಾಕೆ ಬಂದಳು. ತಿಂಗಳು ತಿಂಗಳು ಸೊಸೆಗೆ ಔಷಧ ಕೊಡುತ್ತಿದ್ದವಳು, ಅವಳ ಗೆಳತಿ. ಈ ತಿಂಗಳ ಸೀಸೆ ತೆಗೆದುಕೊಂಡು ಹೋಗಲು ಏಕೆ ಬರಲಿಲ್ಲವೆಂದು ವಿಚಾರಿಸಲು ಬಂದಿದ್ದಳು. ಒಳಕೋಣೆಯ ಹೊಸ್ತಿಲಲ್ಲೇ ನಿಂತು ಮೂಗಿಗೆ ಕೈ ಹಿಡಿದಳು.

"ಎಷ್ಟು ದಿನ ಆಯ್ತು ಸೂಜಿ ಬಿಟ್ಟು?"

"ನಾಲ್ಕು ದಿನ. ಈಗ ಬೇಕಾಗಿಲ್ಲ ಅವಳಿಗೆ," ಎಂದಳು ನನ್ನ ಹೆಂಡತಿ. "ಪರಿಮಳ ನೋಡಿದ್ರಾ?"

"ಅಮ್ಮಾ, ಇದು ಪರಿಮಳ ಅಲ್ಲ. ರಕ್ತ ವಿಷ ಆಗಿದೆ. ಸೂಜಿ ಇಲ್ದೆ ಮೈ ತನ್ನ ಕೊಬ್ಬನ್ನೇ ಕರಗಿಸ್ಕೊಂಡು ತಿಂದಾಗ ಬರೋ ವಾಸನೆ ಇದು. ಊಟ ಮಾಡದಿದ್ರೂ ಈ ಕಾಯಿಲೆಯವರಿಗೆ ಸೂಜಿ ಬೇಕು. ಎತ್ತಿ, ಈಗಲೇ ಎತ್ತಿ."

"ಹೊರೆ ಹೊತ್ತವಳನ್ನ ಹೊರಗಿನವರು ಮುಟ್ಟೋ ಹಾಗಿಲ್ಲ." ಹೆಂಡತಿ ಅಡ್ಡ ನಿಂತಳು.

ನರ್ಸ್ ನನ್ನ ಕೈ ಹಿಡಿದಳು. "ಅಜ್ಜ, ನೀವಾದ್ರೂ ಹೇಳಿ."

"ಇನ್ನು ಮೂರೇ ದಿನ ಇದೆಯಮ್ಮ," ಎಂದೆ. "ನಾಳೆ ಗುರುಗಳನ್ನ ಕೇಳಿ ನೋಡೋಣ."

"ಅವಳಿಗೆ ನಾಳೆ ಅನ್ನೋದಿಲ್ಲ ಅಜ್ಜ."

ಅವಳು ಓಡಿದಳು. ಒಂದು ಗಂಟೆಯಲ್ಲಿ ಆಂಬುಲೆನ್ಸ್ ಬೀದಿಗೆ ಬಂತು. ಅವಳು ಅದರಲ್ಲಿರಲಿಲ್ಲ, ವಾರ್ಡಿನ ಕೆಲಸ ಬಿಟ್ಟು ಮತ್ತೆ ಬರಲಾಗಿರಲಿಲ್ಲ. ಹೊರಗೆ ನನ್ನ ಮಗನ ದನಿ ಕೇಳಿತು. "ಇಲ್ಲಿ ಯಾರಿಗೂ ಹುಷಾರು ತಪ್ಪಿಲ್ಲ. ಮನೆ ತಪ್ಪಿ ಬಂದಿದ್ದೀರಿ. ಹೋಗಿ." ಬಂಡಿ ಹಿಂದಕ್ಕೆ ತಿರುಗುವ ಸದ್ದು ಕೇಳಿತು. ನಾನು ಒಳಗಿದ್ದೆ. ಎದ್ದು ಹೋಗಬಹುದಾಗಿತ್ತು. ಹೋಗಲಿಲ್ಲ.

ಸಂಜೆ ನಾನು ಅವಳ ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು.

"ಮಾವ, ಅವರು ಹೋಗ್ತಾರಲ್ವಾ? ಆ ಪೇಪರಿನವರ ಹತ್ರ?"

"ಹೋಗ್ತಾನಮ್ಮ, ಖಂಡಿತ ಹೋಗ್ತಾನೆ."

ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು. ನಾನು ಅವಳಿಗೆ ಹೇಳಿದ ಕೊನೆಯ ಮಾತು ಸುಳ್ಳು. ಹೇಳುವಾಗ ನನಗೆ ಅದು ಗೊತ್ತಿರಲಿಲ್ಲ. ಬೆಳಗಾಗುವ ಹೊತ್ತಿಗೆ ಅವಳಿಗೆ ಎಚ್ಚರ ತಪ್ಪಿತ್ತು. ಅವಳು ಧ್ಯಾನದಲ್ಲಿದ್ದಾಳೆಂದುಕೊಂಡು ನಾನು ಮಂದಿರಕ್ಕೆ ಹೊರಟೆ.

ಮಣ್ಣು ಮಾಡಿದ ಮರುದಿನ ದರ್ಜಿ ಮನೆಗೆ ಬಂದ. ಪಾಪದವನು, ಹೊಲಿದ ಬಟ್ಟೆಯ ಗಂಟನ್ನು ಏನು ಮಾಡಬೇಕೆಂದು ತಿಳಿಯದೆ ಎದೆಗೆ ಅವುಚಿಕೊಂಡು ನಿಂತಿದ್ದ.

"ಇಂಥ ಹೊತ್ತಲ್ಲಿ ತರಬಾರ್ದಿತ್ತು ಯಜಮಾನ್ರೇ. ಆದ್ರೆ ಹತ್ತನೇ ದಿನ ಬೆಳಗ್ಗೆಗೇ ಬೇಕೇ ಬೇಕು, ಮಧ್ಯಾಹ್ನದ ಬಸ್ಸಿಗೆ ಊರು ಬಿಡ್ತೀನಿ ಅಂದಿದ್ರು. ದೂರದಲ್ಲೆಲ್ಲೋ ಡ್ರೈವರ್ ಕೆಲಸ ಸಿಕ್ಕಿದೆಯಂತೆ. ಪ್ರಯಾಣಕ್ಕೂ ಆಗ್ಬೇಕು ಅಂತ ಪ್ಯಾಂಟಿಗೆ ಒಳಜೇಬು ಇಡಿಸಿದ್ರು."

"ಯಾವಾಗ ಕೊಟ್ಟಿದ್ದ ಬಟ್ಟೆ?"

"ಆಯ್ತಲ್ಲ, ಹದಿನೈದು ದಿನ. ಪೇಪರಿನವನಿಗೆ ಏಟಾಯ್ತಲ್ಲ, ಅದರ ಮಾರನೇ ದಿನ. ಊರು ಬಿಡೋ ಮಾತೂ ಆವತ್ತೇ ಹೇಳಿದ್ರು."

ಅವಳು ಕೂರುತ್ತೇನೆಂದು ಒಪ್ಪಿದ್ದು ಅದಾಗಿ ಐದು ದಿನಕ್ಕೆ. ನನ್ನ ಕಡೆ ತಿರುಗಿ ಬೇಡ ಅನ್ನಿ ಎಂದದ್ದು, ಗಂಡನ ಹತ್ತಿರ ಆಣೆ ಕೇಳಿದ್ದು, ಎಲ್ಲಕ್ಕೂ ಮುಂಚೆ ಮಗನ ಬಟ್ಟೆಯ ಅಳತೆ ಆಗಿಹೋಗಿತ್ತು. ಹತ್ತನೆಯ ದಿನ ಮಧ್ಯಾಹ್ನದ ಬಸ್ಸು.

ಮಗನನ್ನು ಕರೆದು ಕೇಳಿದೆ. ಸುಳ್ಳು ಹೇಳುವ ಕಷ್ಟವನ್ನೂ ಅವನು ತೆಗೆದುಕೊಳ್ಳಲಿಲ್ಲ.

"ಹೊರೆ ಇಳಿದ ಮೇಲೆ ಯಾಕಪ್ಪ ಅವನ ಹತ್ರ ಹೋಗ್ಬೇಕು? ಇಳಿದ ಮೇಲೆ ಇಲ್ಲ ಅಂತ ತಾನೇ ಅರ್ಥ? ನೀವೇ ಕಲಿಸಿದ್ದಲ್ವಾ? ನೀವು ಎಂದಾದ್ರೂ ಹೋಗಿದ್ರಾ?"

ನಾನು ಹೋಗಿರಲಿಲ್ಲ.

ಹತ್ತನೆಯ ದಿನ ಬಂತು. ಗುರುಗಳು ಮಂದಿರದಲ್ಲಿ ಜನರನ್ನು ಸೇರಿಸಿದ್ದರು. ಹೊರೆ ಹೊತ್ತವಳು ನಡುವೆಯೇ ಹೋದರೆ ಹೊರೆ ಪೂರ್ತಿ ಇಳಿದಂತೆಯೇ, ಅದಕ್ಕಿಂತ ದೊಡ್ಡ ಬಿಡುಗಡೆ ಇಲ್ಲ ಎಂದು ಅವರು ತೀರ್ಪು ಕೊಟ್ಟರು. ಮಗ ಹೊಸ ಬಟ್ಟೆ ಉಟ್ಟು ಮುಂದೆ ಕುಳಿತ. ಬಟ್ಟೆ ಅವನಿಗೆ ಚೆನ್ನಾಗಿ ಒಪ್ಪಿತ್ತು. ಗುರುಗಳು ಬಿಳಿ ಶಾಲನ್ನು ನನ್ನ ಕೈಗಿಟ್ಟರು.

"ಹೊದಿಸಿ, ಹಿರಿಯರೇ. ಹೊರೆ ಇಳಿಯಿತು ಅನ್ನಿ."

"ಇಳಿದಿಲ್ಲ," ಎಂದೆ.

"ಏನಂದಿರಿ?"

"ಹೊರೆ ಇಳಿದಿಲ್ಲ ಗುರುಗಳೇ. ಮುರಿದ ಕಾಲು ಆಸ್ಪತ್ರೆಯಲ್ಲಿ ಹಾಗೇ ಇದೆ. ನಾವು ಒಂದು ತಪ್ಪಿನ ಜೊತೆಗೆ ಒಂದು ಕೊಲೆ ಸೇರಿಸಿದ್ದೇವೆ. ನಾನು ಹೊದಿಸಲ್ಲ."

"ದುಃಖದಲ್ಲಿದ್ದಾರೆ," ಎಂದು ಗುರುಗಳು ಜನರ ಕಡೆ ಕೈಯೆತ್ತಿದರು. "ಹಿರಿಯರೇ, ನಿಮಗೂ ಒಮ್ಮೆ ಇದೇ ಶಾಲು ಹೊದಿಸಿದ್ದೇವೆ. ಮರೀಬೇಡಿ."

"ಮರೆತಿಲ್ಲ. ಅದನ್ನೇ ಎತ್ತುತ್ತೇನೆ," ಎಂದೆ.

"ಏನ್ರೀ! ಎತ್ತಬಾರ್ದು!" ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಕೂಗಿದಳು.

ನಾನು ಹೇಳಿದೆ. ಮೂವತ್ತೊಂದು ವರ್ಷದ ಹಿಂದೆ ನಾನು ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೆ. ಒಂದು ಪುಸ್ತಕದ ಸಾವಿರ ಪ್ರತಿಗಳ ಹಾಳೆಗಳನ್ನು ಅಳತೆ ತಪ್ಪಿ ಕತ್ತರಿಸಿದೆ. ಪ್ರತಿ ಪುಟದಲ್ಲೂ ಸಾಲಿನ ಕೊನೆಯ ಅಕ್ಷರ ಹಾರಿಹೋಗಿತ್ತು. ಯಜಮಾನ ಕೇಳಿದಾಗ ಪಕ್ಕದ ಮೇಜಿನವನ ಕಡೆ ಬೆರಳು ತೋರಿಸಿದೆ. ಅವನನ್ನು ಅಂದೇ ಹೊರಗೆ ಹಾಕಿದರು. ಅವನಿಗೆ ಮೂವರು ಮಕ್ಕಳು. ನನಗೆ ನಿದ್ದೆ ಬಾರದಾಯಿತು. ನನ್ನ ಹೆಂಡತಿ ಒಂಬತ್ತು ದಿನ ಕುಳಿತಳು. ನನಗೆ ಶಾಲು ಹೊದಿಸಿದರು. ಆಮೇಲೆ ಚೆನ್ನಾಗಿ ನಿದ್ದೆ ಬಂತು. ಅವನ ಮನೆ ಎರಡು ಬೀದಿಯಾಚೆ ಇತ್ತು. ಹನ್ನೆರಡು ವರ್ಷ ಅವನು ಅಲ್ಲೇ ಬದುಕಿದ್ದ. ಎದುರಿಗೆ ಸಿಕ್ಕರೆ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ಅವನು ಸತ್ತಾಗಲೂ ಹೋಗಲಿಲ್ಲ.

"ನನ್ನ ಹೊರೆ ಅಂದು ಇಳಿಯಲಿಲ್ಲ," ಎಂದೆ. "ನನ್ನ ತಲೆಯಿಂದ ತೆಗೆದು ಹೆಂಡತಿಯ ತಲೆ ಮೇಲೆ ಇಟ್ಟೆ, ಅಷ್ಟೇ. ದೇವರು ಕ್ಷಮಿಸುವವನು, ಅದನ್ನು ನಾನು ಇವತ್ತೂ ನಂಬುತ್ತೇನೆ. ಆದರೆ ತಪ್ಪು ಮಾಡಿದವನು ತಾನೇ ಬಾಗಿಲಿಗೆ ಹೋಗಿ ತಲೆ ತಗ್ಗಿಸದಿದ್ದರೆ ಆ ಕ್ಷಮೆಗೆ ಇಳಿಯುವ ಜಾಗವೇ ಇಲ್ಲ. ಹೆಂಗಸರನ್ನು ಹಸಿವಿಗೆ ಕೂರಿಸಿ ನಾವು ಕೊಂಡುಕೊಂಡದ್ದು ನಿದ್ದೆ ಮಾತ್ರ."

ಆಗ ನನ್ನ ಹೆಂಡತಿ ಎದ್ದು ನಿಂತಳು. ನನ್ನನ್ನು ಬೈಯುತ್ತಾಳೆಂದುಕೊಂಡೆ. ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು.

"ಮೂವತ್ತೊಂದು ವರ್ಷ ಆಯ್ತು," ಎಂದಳು. "ಒಂದು ದಿನ ನನಗೆ ಉಂಡಿದ್ದು ನೆಟ್ಟಗೆ ಅರಗಿಲ್ಲ. ಉರಿ, ಉರಿ. ಹೊರೆ ಇಳಿದ ಮೇಲೆ ಹೇಳಬಾರ್ದು ಅಂತ ಯಾರಿಗೂ ಹೇಳಿಲ್ಲ." ಹೆಂಗಸರ ಸಾಲಿನ ಕಡೆ ತಿರುಗಿದಳು. "ನಿಮ್ಮಲ್ಲಿ ಯಾರ್ಯಾರಿಗೆ ಹೀಗಿದೆ? ಹೇಳಿ. ನಾನು ಹೇಳ್ಲಿಲ್ಲ, ಅದಕ್ಕೇ ಆ ಮಗೂನ ಕೂರಿಸಿ ಕೊಂದೆ."

ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎದ್ದಳು. ಆಮೇಲೆ ಇನ್ನೊಬ್ಬಾಕೆ. ಕೆಮ್ಮುವ ಮಗುವನ್ನು ತಂದಿದ್ದಾಕೆ ಮಗುವನ್ನು ಎತ್ತಿಕೊಂಡು ಎದ್ದು ಹೊರಗೇ ನಡೆದಳು. ಗುರುಗಳು ಶಾಂತಿ, ಶಾಂತಿ ಎನ್ನುತ್ತಿದ್ದರು. ಯಾರೂ ಕುಳಿತುಕೊಳ್ಳಲಿಲ್ಲ. ನಾನು ಶಾಲನ್ನು ನೆಲದ ಮೇಲಿಟ್ಟೆ. ಮಗನಿಗೆ, "ಬಾ, ಆಸ್ಪತ್ರೆಗೆ ಹೋಗೋಣ" ಎಂದೆ. ಅವನು ಗೋಡೆಯ ಗಡಿಯಾರ ನೋಡಿದ. ನನ್ನನ್ನು ದಾಟಿಕೊಂಡು ಹೋದ.

ಆಸ್ಪತ್ರೆಗೆ ನಾನೂ ನನ್ನ ಹೆಂಡತಿಯೂ ಹೋದೆವು. ಪೇಪರಿನ ಮುದುಕನ ಕಾಲನ್ನು ತೂಕ ಕಟ್ಟಿ ಮೇಲೆತ್ತಿದ್ದರು. ಗುದ್ದಿದವನು ನನ್ನ ಮಗ, ಇಷ್ಟು ದಿನ ಬಚ್ಚಿಟ್ಟವನು ನಾನು ಎಂದು ಹೇಳಿದೆ. ಬೈದರೆ ಬೈಯಲೆಂದು ಕಾದೆ.

"ಆ ಹುಡುಗಿ ನಿಮ್ಮ ಮನೆಯವಳಾ?" ಎಂದ. "ಬಂದಿದ್ಲು ಒಂದು ದಿನ. ಇಲ್ಲೇ ನಿಂತಿದ್ಲು. ಏನೋ ಹೇಳೋಕೆ ಬಂದು ಹೇಳದೆ ಹೋದ್ಲು. ಹೇಗಿದ್ದಾಳೆ ಅವಳು?"

ನನ್ನ ಹೆಂಡತಿ ಮಂಚದ ಕಂಬಿ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಅವನಿಗೆ ಅದೇ ಉತ್ತರವಾಯಿತು.

ಅಲ್ಲಿಂದ ಪೊಲೀಸ್ ಠಾಣೆಗೆ ಹೋದೆ. ಮಗನ ವಿಷಯ ಬರೆಸಿದೆ. ಬಸ್ಸು ಮುಂದಿನ ಊರು ದಾಟುವಷ್ಟರಲ್ಲಿ ಅವನನ್ನು ಇಳಿಸಿಕೊಂಡರು. ಔಷಧದ ಪೆಟ್ಟಿಗೆಗೆ ಬೀಗ ಹಾಕಿದ ಕೈ ನನ್ನದೆಂದೂ ಬರೆಸಿದ್ದೇನೆ. ಅದಕ್ಕೆ ಕಾನೂನು ಏನು ಕೊಡುತ್ತದೋ ಅದನ್ನು ನಾನೇ ತೆಗೆದುಕೊಳ್ಳುತ್ತೇನೆ. ನನಗಾಗಿ ಯಾರೂ ಒಂದು ಹೊತ್ತಿನ ಊಟವನ್ನೂ ಬಿಡಬಾರದು. ಹೆಂಡತಿಗೆ ಇದನ್ನು ದಿನಾ ಹೇಳುತ್ತೇನೆ. ಮಂದಿರದ ಹನ್ನೊಂದು ಮನೆಗಳ ಹೆಂಗಸರು ಇನ್ನು ಯಾರಿಗಾಗಿಯೂ ಹೊರೆ ಹೊರುವುದಿಲ್ಲವೆಂದು ಹೇಳಿದ್ದಾರೆ. ಹನ್ನೊಂದೇ ಮನೆಗಳು. ಉಳಿದ ಮನೆಗಳ ಬಾಗಿಲಿಗೆ ಹೆಂಡತಿಯೇ ನಡೆದುಹೋಗಿ ತನ್ನ ಸೊಸೆಯ ಕಥೆ ಹೇಳಿ ಬರುತ್ತಿದ್ದಾಳೆ. ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಮರುದಿನ ಮತ್ತೆ ಹೋಗುತ್ತಾಳೆ.

ದೇವರೇ, ನಿನ್ನನ್ನು ಬಿಟ್ಟು ನನಗೆ ಬೇರೆ ಗತಿ ಇಲ್ಲ. ನಿನ್ನ ಹೆಸರು ಹೇಳಿಕೊಂಡೇ ನಾವು ಅವಳನ್ನು ಹಸಿವಿನಲ್ಲಿಟ್ಟೆವು, ಬಾಯಾರಿಕೆಯಲ್ಲಿಟ್ಟೆವು, ಅವಳು ನಂಬಿದ ಇಬ್ಬರು ಗಂಡಸರೂ ಅವಳಿಗೆ ಮೋಸ ಮಾಡಿದೆವು. ನನ್ನನ್ನು ಕ್ಷಮಿಸೆಂದು ಇವತ್ತು ಕೇಳುವುದಿಲ್ಲ. ಅದನ್ನು ಕೇಳಬೇಕಾದ ಜಾಗಗಳು ಇನ್ನೂ ಉಳಿದಿವೆ, ಅಲ್ಲಿಗೆ ಹೋಗಿ ಬಂದ ಮೇಲೆ ನಿನ್ನ ಹತ್ತಿರ ಬರುತ್ತೇನೆ. ಅವಳಿಗಾಗಿ ಮಾತ್ರ ಕೇಳುತ್ತೇನೆ. ಅವಳು ಯಾರ ಸಾಲವನ್ನೂ ಹೊತ್ತು ನಿನ್ನಲ್ಲಿಗೆ ಬಂದವಳಲ್ಲ. ಅವಳನ್ನು ಏನೂ ವಿಚಾರಿಸಬೇಡ. ಮೊದಲು ಅವಳಿಗೆ ಉಣಿಸು. ನೀರು ಕೊಡು. ಆಮೇಲೆ ಯಾರೂ ಬಂದು ಎಬ್ಬಿಸದ ಕಡೆ ಅವಳನ್ನು ಮಲಗಿಸು. ಅವಳಿಗೆ ಶಾಂತಿ ಸಿಗಲಿ.